ದುರಗಮ್ಮನ ಕೈಯಾಗಿನ ಸೇಬು

ಹಲೋ... ಹಲೋ, ಕೊಪ್ಪಳ ದವಾಖಾನಿ. ಯಾರ್ರಿ ಮಾತಾಡೋದು?... ಹಾಂ, ನಾನೇ, ಸೂಲಗಿತ್ತಿ ದುರಗಮ್ಮ. ಯಾರು, ದ್ಯಾವಪ್ಪ ಭಾವಾರ? ಗಂಗಾವತಿಯಿಂದ?

...

ಸಾವಕಾಶ ಹೇಳ್ರಿ, ತಂತಿ ಗೊರಗೊರ ಅಂತೈತಿ... ಓ, ನನ್ನ ಫೋಟೋ! ಹೌದ್ರಿ, ಫೋಟೋ ತಗಿಯೂ ಬಾಬಾಸಾಬ ತನ್ನ ಅಂಗಡಿ ಗಾಜಿನಾಗ ಇಟ್ಟಾನ. ಛಲೋ ಬಂದೈತಿ, ಅಲ್ರಿ?

...

ದಾಳಿಂಬಿ ಅಲ್ರಿ ಅದು, ಸೇಬು. ಲಡಾಯಿ ದಿನದಾಗ ಖರೇ ಸೇಬು ಎಲ್ಲಿ ಸಿಗಬೇಕು? ಕಿನ್ನಾಳದ ಚಿತ್ರಗಾರರು ಮಾಡಿದ ಕಟ್ಟಿಗಿ ಹಣ್ಣು. ಮದುಮಕ್ಕಳ ಕೈಯಾಗ ಕೊಟ್ಟು ಫೋಟೋ ತಗೀತಾನ. ನನಗ ಪುಸ್ತಕ ಹಿಡೀರಿ ಅಂದ. ನಾನೇ ಬ್ಯಾಡ ಅಂದು ಹಣ್ಣು ತಗೊಂಡೆ.

...

ಗಂಡ ಸತ್ತಾಕಿ ಹಣ್ಣು ಹಿಡೀಬಾರದಾ?... ಹಾಂ, ಹಾಂ, ಉಡಿ ತುಂಬೂ ಹಣ್ಣು ಮುತ್ತೈದಿಯರದು, ಗೊತ್ತೈತ್ರಿ. ನಿಮ್ಮ ಬಸುರಿ ಮಗಳ ಕುಬಸದಾಗ ನನ್ನನ್ನ ಹಿತ್ತಲದಾಗ ಕೂಡ್ರಿಸಿದ್ರಿ. ಹೊಟ್ಟ್ಯಾಗ ಕೂಸು ಅಡ್ಡ ತಿರುಗಿದಾಗ ಯಾರ ಕೈ ಬೇಕಾತ್ರಿ? ಇದೇ ಕೈ ಅಲ್ರಿ?

...

ಯಾವ ಶಾಸ್ತ್ರದಾಗ ಐತ್ರಿ ಸೇಬು? ತೆಂಗು, ಬಾಳಿಹಣ್ಣು, ಉತ್ತತ್ತಿ, ಎಲ್ಲಾ ಕಸಗೊಂಡ್ರಿ. ಸೇಬು ನಮ್ಮ ಸೀಮ್ಯಾಗ ಬೆಳಿಯೂದೇ ಇಲ್ಲ. ಅದನ್ನ ಬ್ಯಾಡ ಅನ್ನಾಕ ನಿಮ್ಮ ಹಿರ್ಯಾರಿಗೆ ಗೊತ್ತಿರ್ಲಿಲ್ಲ. ಅದಕ್ಕ ತಗೊಂಡೆ!

...

ಹ್ಞೂಂ, ಪಾದ್ರಿ ಹೆಂಡ್ತಿನೂ ಹೇಳ್ಯಾಳ. ಮೊದಲ ಹೆಂಗಸು ಇದನ್ನ ತಿಂದು ಕೆಟ್ಲಂತ, ಅವರ ಚಿತ್ರದಾಗ ಹಂಗೇ ಬರೀತಾರಂತ. ಹೈದರಾಬಾದಿನ ಚಿತ್ರದಾಗ ಬೇಗಂ ಕೈಯಾಗ ಇದ್ರ ಚೆಲುವಿಕಿ ಅಂತಾನ ಬಾಬಾಸಾಬ. ನಮ್ಮ ಡಾಕ್ಟರ್ ಸಾಹೇಬ್ರು ಜಡ್ಡಿನವರಿಗೆ ತಾಕತ್ತು ಅಂತಾರ. ಎಲ್ಲಾರೂ ಒಂದೊಂದು ಅರ್ಥ ಇಟ್ಕೊಂಡಾರ. ನಂದೂ ಒಂದು ಇರ್ಲಿ. ನಾನೂ ಮನಿಷ್ಯಾಳು ಅಂತ.

...

ಗಾಜಿನಾಗಿಂದ ಫೋಟೋ ತಗಸಂಗಿಲ್ಲ... ಬಣ್ಣ ಹಚ್ಚಿ ಹಣ್ಣು ಅಳಸಂಗೂ ಇಲ್ಲ... ನಿಮ್ಮ ಮನಿ ಹೊಸ್ತಿಲ ತುಳೀಬ್ಯಾಡಂತೀರಿ? ಆತು, ತುಳಿಯಂಗಿಲ್ಲ. ಹೆರಿಗಿಗೆ ಕರದ್ರ ಮಾತ್ರ ಬರ್ತೀನಿ, ಅದು ನನ್ನ ಕಸಬು.

...

ಏನು? ಅತ್ತಿ ಅನ್ನ ಬಿಟ್ಟು ಮಲಗ್ಯಾರ? ನನ್ನ ಫೋಟೋದ ಕೊರಗಿಗೆ?... ಕಣ್ಣಾರೆ ನೋಡೀರೇನು? ನೀವು ಊರು ಬಿಟ್ಟು ಗಂಗಾವತಿಗೆ ಹೋಗಿ ಎರಡು ದಿನ ಆತಂತಲ್ಲ?... ಯಾಕ ಕೇಳಿದೆ ಅಂದ್ರ, ಪಕ್ಕೀರವ್ವತ್ತಿ ಮುಂಜಾನಿ ಮೋಟಾರಿಗೆ ಬಂದು ಇಲ್ಲೇ ನನ್ನ ಮಗ್ಗಲದಾಗ ರೊಟ್ಟಿ ತಿನ್ನಾಕತ್ತಾರ.

...

ಹಾಂ, ನಿಮ್ಮ ಅವ್ವನೇ! ಇಳಕಲ್ಲ ಸೀರಿ ಉಟ್ಟಾರ. ಬಾಬಾಸಾಬನ ಅಂಗಡಿಗೆ ಹೊಂಟೀವಿ... ಯಾಕಾ? ಮಾವಾರು ತೀರಿಹೋಗಿ ಮೂವತ್ತು ವರ್ಷ ಆತಂತ, ಒಂದು ಶುಭಕಾರ್ಯದಾಗೂ ಯಾರೂ ಅವರ ಕೈಯಾಗ ಒಂದು ಹಣ್ಣು ಇಟ್ಟಿಲ್ಲಂತ. ಹೆತ್ತ ಮಗಾನೂ ಇಟ್ಟಿಲ್ಲಂತ... ಇಡ್ತೀನ್ರಿ ಭಾವಾರ, ಅತ್ತಿ ಕೈ ತೊಳಕೊಂಡು ಆ ಸೇಬು ಹಿಡಿದು ಫೋಟೋ ತಗಸಾಕ ಎದ್ದು ನಿಂತಾರ.