ವಿಮಾನದಲ್ಲಿ ಬಿಚ್ಚದ ಕಂಬಳಿ

ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಗುಮ್ಮಘಟ್ಟದ ಆಟೊಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ತಾಯಿ, ಮಗಳು ಕೂತಿದ್ದರು. ತಾಯಿಯ ತೊಡೆಯ ಮೇಲೆ ಹೊಸ ಕರಿ ಕಂಬಳಿ. ಮಗಳು ಚಳಿಗೆ ಮುದುಡಿದ್ದಳು.

“ಯವ್ವಾ, ಆ ಕಂಬಳಿನರ ಕೊಡು, ಹೊದ್ಕೊಂತೀನಿ.”

“ಬ್ಯಾಡ ಸುಶ್ಮಿತಾ, ಸೆರಗು ಹೊದ್ಕೊ.”

“ನಾ ಸಣ್ಣಾಕಿ ಇದ್ದಾಗ ವಿಮಾನದಾಗೂ ಹಿಂಗ ಅಂದಿದ್ದಿ.”

“ಅದಿನ್ನೂ ನೆನಪೈತೇನು?”

“ಮರಿಯೋದು ಹೆಂಗ? ಕೆಳಗ ಮೋಡ ಕುರಿಹಿಂಡಿನಂಗ ಕಾಣ್ತಿದ್ವು. ಅಪ್ಪಗ ಹೇಳಬೇಕಂತ ನೋಡೇ ನೋಡಿದೆ. ಚಳಿಗೆ ಹಲ್ಲು ಕಟಕಟ ಅಂದ್ರೂ ನೀ ಕಂಬಳಿ ಬಿಚ್ಚಲಿಲ್ಲ.”

“ಮುಂಬೈಯಾಗ ಅಪ್ಪಗ ಕೊಡೋದೈತಿ ಅಂದಿದ್ನಲ್ಲ.”

“ಅಪ್ಪಗ ಆರಾಮಿಲ್ಲ ಅಂತನೂ ಅಂದಿದ್ದಿ. ಹೋದಮ್ಯಾಲೆ ಅದನ್ನ ಹೆಣಕ್ಕ ಹೊದಿಸಿದಿ.”

ತಾಯಿ ಕಂಬಳಿಯ ಮಡಿಕೆ ಸರಿಮಾಡಿದಳು.

“ಹೆಣಕ್ಕಂತ ತಂದ ಕಂಬಳಿನ ಬದುಕಿರೋರು ಹೊದಿಬಾರದಂತ ನನಗ ಆಮ್ಯಾಲೆ ಗೊತ್ತಾತು.”

“ಈಗ್ಯಾಕ ಆ ಮಾತು?”

“ಯವ್ವಾ, ಬಳ್ಳಾರಿ ಆಸ್ಪತ್ರ್ಯಾಗ ರಾಮಾಂಜಿ ಅಣ್ಣ ಹೆಂಗದಾನ?”

“ಬಳ್ಳಾರಿ ಬಸ್ ಬಂತು, ಏಳು.”

ತಾಯಿ ಕಂಬಳಿಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು. ಮಗಳು ಸೆರಗನ್ನು ಮೈತುಂಬ ಬಿಗಿದು ಹೊದ್ದು, ಹಿಂದೆಯೇ ಹತ್ತಿದಳು. ಮತ್ತೆ ಕೇಳಲಿಲ್ಲ.