ಗಟಾರದ ಸಾವು ಯಾವ ಡೇಟಾಬೇಸಿನಲ್ಲಿ

ಮುಂಬೈಯ ಬೊರಿವಲಿ ಲೋಕಲ್ ರೈಲಿನಲ್ಲಿ ನನ್ನೆದುರು ಇಬ್ಬರು ಸಂಶೋಧಕಿಯರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು.

“ಗಟಾರಕ್ಕ ಇಳಿದು ಸತ್ತವರನ್ನ ಯಾವ ಡೇಟಾಬೇಸ್‌ನಾಗ ಹುಡುಕಲಿ, ನಿಖಿತಾ?”

“ಮೆಡಿಕಲ್‌ನದ್ದು ನೋಡಿದ್ಯಾ, ವಂದನಾ?”

“ನೋಡೀನಿ. ಬರೇ ವಿಷಗಾಳಿ ಐತಿ.”

“ಇಂಜಿನಿಯರಿಂಗ್?”

“ಪೈಪಿನ ಅಳತಿ ಐತಿ, ಇಳಿದಾವನ ಸುದ್ದಿ ಇಲ್ಲ.”

“ಕಾನೂನು?”

“ಬರೇ ಪರಿಹಾರ, ಅಪೀಲು.”

“ಸಮಾಜಶಾಸ್ತ್ರ ಉಂಟಲ್ಲ?”

“ಅಲ್ಲಿ ಜಾತಿ ಐತಿ, ಗಾಳಿ ಇಲ್ಲ. ಗೈಡ್ ನೋಡಿದ್ರ ಯಾವುದಾದ್ರೂ ಒಂದನ್ನೇ ಹಿಡಿ ಅಂತಾರ. ನಾಳೆ ಹೇಳಬೇಕು. ತಲಿ ಕೆಟ್ಟೈತಿ.”

“ನಿನ್ನ ಅಪ್ಪ ಗಟಾರದಲ್ಲಿ ಸತ್ತದ್ದು ಯಾವುದರಿಂದ ಮಾರಾಯ್ತಿ? ಅದನ್ನೇ ಹಿಡಿ.”

“ಎಲ್ಲಾದರಿಂದಾನೂ.”

ನಿಖಿತಾ ಲ್ಯಾಪ್‌ಟಾಪ್ ಮುಚ್ಚಿದಳು.

“ಹಾಗಾದ್ರೆ ಗೈಡನ್ನೇ ಕೇಳು, ಯಾವುದನ್ನು ಬಿಡ್ಲಿ ಅಂತ.”

ಕಾಂದಿವಲಿ ಬಂತು. ಇಬ್ಬರೂ ಇಳಿದು ಹೋದರು.