ವಂಪೆನ್‌ಗೆ ಸೋಮವಾರದ ಹೂವು

ಉತ್ತರ ಥಾಯ್ಲೆಂಡಿನ ಲಂಪಾಂಗ್ ಊರಿನ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಅಜ್ಜಿಯರು. ಹಿರಿಯರಾದ ಲಮೈ, ‘ನೆಮ್ಮದಿಯೇ ಸಂಪತ್ತು’ ಎಂದು ಬರೆದಿದ್ದ, ಸೋಮವಾರದ ಬಣ್ಣವಾದ ಹಳದಿಯ ಹೂವಿನ ಚಿತ್ರವನ್ನು ಮೊಬೈಲಿನಲ್ಲಿ ಕಳಿಸುತ್ತಿದ್ದರು.

“ಯಾರಿಗಕ್ಕಾ?” ಎಂದರು ಇನ್ನೊಬ್ಬ ಅಜ್ಜಿ ಪಯೋಮ್.

“ದಕ್ಷಿಣದ ತ್ರಾಂಗಿನ ವಂಪೆನ್‌ಗೆ. ದಿನಾ ಬೆಳಗ್ಗೆ ಕಳಿಸ್ತೀನಲ್ಲ.”

“ಅವಳು ತೀರಿಹೋಗಿ ಎರಡು ತಿಂಗಳಾಯ್ತು ಅಂದಿದ್ರಿ.”

“ಹೌದು. ಅವಳ ಫೋನು ಈಗ ಅವಳ ಮಗಳ ಹತ್ರ ಇದೆ.”

“ಸುದ್ದಿ ಕೇಳಿ ಅತ್ರಾ?”

“ಇಲ್ಲ. ಫೋನಲ್ಲೇ ಪರಿಚಯ, ಮುಖಾನೇ ನೋಡಿರ್ಲಿಲ್ಲ.”

“ಮತ್ತೆ ಯಾಕೆ ಕಳಿಸೋದು?”

“ಅವಳು ಹೋದ್ಮೇಲೂ ಸೊಂಕ್ರಾನ್ ಹೊಸವರ್ಷದ ಹಬ್ಬಕ್ಕೆ ವಂಪೆನ್ ಹೆಸರಲ್ಲೇ ಶುಭಾಶಯ ಬಂತು. ಮಗಳೇ ಕಳಿಸಿರ್ಬೇಕು.”

“ನೀವೇನ್ ಬರೆದ್ರಿ?”

“ಪ್ರತಿ ವರ್ಷ ಬರೆಯೋದೇ. ನೂರು ವರ್ಷ ಬಾಳು ವಂಪೆನ್ ಅಂತ.”

“ಅದಕ್ಕೆ?”

“ಆಗ್ಲಿ ಅಕ್ಕಾ, ಅಂತ ಬರೆದ್ಲು.”

ನರ್ಸ್ ಲಮೈ ಹೆಸರು ಕೂಗಿದಳು. ಲಮೈಯ ಕೈಚೀಲವನ್ನು ಪಯೋಮ್ ಎತ್ತಿಕೊಂಡರು. ಇಬ್ಬರೂ ನಿಧಾನವಾಗಿ ಒಳಗೆ ಹೋದರು.